ಓದಿನಲ್ಲಿ ಎಡವುತ್ತಿರುವ ಮಗು: ಯಾವ ಅಸೆಸ್‌ಮೆಂಟ್, ಯಾರ ಹತ್ತಿರ, ಯಾವಾಗ?

ಐದನೇ ಕ್ಲಾಸಿನವರೆಗೆ ಹೇಗೋ ನಿಭಾಯಿಸಿಕೊಂಡು ಬಂದ ಮಗು ಆರನೆಯದಕ್ಕೋ ಏಳನೆಯದಕ್ಕೋ ಬಂದಾಗ ಎಡವಲು ಶುರುಮಾಡುತ್ತದೆ. ಮಾರ್ಕ್ಸ್ ಇಳಿಯುತ್ತದೆ. ಹೋಮ್‌ವರ್ಕ್ ಅಂದರೆ ಮನೆಯಲ್ಲಿ ಜಗಳ. ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆನೋವು. ಆಗ ಎಲ್ಲರೂ ಸಲಹೆ ಕೊಡುವವರೇ. ಐಕ್ಯೂ ಟೆಸ್ಟ್ ಮಾಡಿಸಿ ಅಂತ ಒಬ್ಬರು, ಡಾಕ್ಟರಿಗೆ ತೋರಿಸಿ ಅಂತ ಇನ್ನೊಬ್ಬರು, ಟ್ಯೂಷನ್ ಹಾಕಿದರೆ ಸರಿಹೋಗುತ್ತೆ ಬಿಡಿ ಅಂತ ಮತ್ತೊಬ್ಬರು. ಎಲ್ಲದಕ್ಕೂ ಸಮಯ ಬೇಕು, ದುಡ್ಡು ಬೇಕು. ಎಲ್ಲವನ್ನೂ ಮಾಡಿಸಬೇಕಾದ ಮಕ್ಕಳು ತುಂಬಾ ಕಡಿಮೆ.

ಯಾವ ಟೆಸ್ಟ್ ಒಳ್ಳೆಯದು ಎಂದು ಹುಡುಕುವ ಮೊದಲು, ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ‘ನನ್ನ ಮಗನಿಗೆ ಏನಾಗಿದೆ?’ ಅನ್ನುವುದು ತುಂಬಾ ದೊಡ್ಡ ಪ್ರಶ್ನೆ, ಯಾವ ಟೆಸ್ಟಿನ ಕೈಗೂ ಸಿಗುವುದಿಲ್ಲ. ‘ಬಾಯಲ್ಲಿ ಕೇಳಿದರೆ ಎಲ್ಲ ಹೇಳ್ತಾನೆ, ಬರೆಯಲು ಕೊಟ್ಟರೆ ಎರಡೇ ಸಾಲು, ಯಾಕೆ?’ ಅನ್ನುವುದು ಸಿಗುತ್ತದೆ. ‘ಗಣಿತ ಒಂದೇ ಕಷ್ಟವೋ, ಲೆಕ್ಕದ ವಾಕ್ಯ ಓದುವುದೇ ಕಷ್ಟವೋ?’ ಇದೂ ಸಿಗುತ್ತದೆ. ‘ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗಬೇಕಾದರೆ ಯಾವ ಕಾಗದ ಬೇಕು?’ ಇದಂತೂ ಬಹಳ ಸ್ಪಷ್ಟ. ಮುಂದಿನ ಹೋಲಿಕೆಯೆಲ್ಲ ಆ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದರೆ ಮಾತ್ರ ಕೆಲಸಕ್ಕೆ ಬರುತ್ತದೆ.

ಈ ವಯಸ್ಸಿನಲ್ಲೇ ಯಾಕೆ?

ಚಿಕ್ಕ ಕ್ಲಾಸುಗಳಲ್ಲಿ ಪಾಠವೂ ಚಿಕ್ಕದು. ಟೀಚರ್ ಓದಿ ಹೇಳುತ್ತಾರೆ, ಮಗು ಬಾಯಿಪಾಠ ಮಾಡಿ ಒಪ್ಪಿಸುತ್ತದೆ. ಚುರುಕಾದ ಮಗುವಿಗೆ ಓದು ಸರಿಯಾಗಿ ಬರದಿದ್ದರೂ ನೆನಪಿನ ಶಕ್ತಿಯಲ್ಲೇ ವರ್ಷ ದಾಟಿಬಿಡುತ್ತದೆ. ಮೇಲಿನ ಕ್ಲಾಸಿನಲ್ಲಿ ಆ ದಾರಿ ಮುಚ್ಚುತ್ತದೆ. ಪಾಠ ಉದ್ದವಾಗುತ್ತದೆ, ವಿಷಯಕ್ಕೊಬ್ಬರು ಟೀಚರ್, ನೋಟ್ಸ್ ತಾನೇ ಬರೆದುಕೊಳ್ಳಬೇಕು, ಯಾವ ಪ್ರಾಜೆಕ್ಟ್ ಯಾವತ್ತು ಕೊಡಬೇಕು ಅನ್ನುವುದನ್ನೂ ತಾನೇ ನೆನಪಿಟ್ಟುಕೊಳ್ಳಬೇಕು. ಒಬ್ಬೊಬ್ಬ ಟೀಚರೂ ಮಗುವನ್ನು ನೋಡುವುದು ದಿನಕ್ಕೆ ಒಂದು ಪೀರಿಯಡ್ ಮಾತ್ರ. ಹಾಗಾಗಿ ತೊಂದರೆಯ ಪೂರ್ತಿ ಚಿತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಜೊತೆಗೆ ಹರೆಯ ಬೇರೆ. ಬೇಜಾರು, ಭಯ, ಗೆಳೆಯರ ಕಿರುಕುಳ ಎಲ್ಲವೂ ಹೊರಗಿನಿಂದ ‘ಸೋಮಾರಿತನ’ ಅಂತಲೇ ಕಾಣುತ್ತವೆ.

ಹಾಗಾಗಿ ‘ಇಷ್ಟು ವರ್ಷ ಚೆನ್ನಾಗಿಯೇ ಇದ್ದಳಲ್ಲ, ಈಗ ಹೊಸದಾಗಿ ಡಿಸ್ಲೆಕ್ಸಿಯಾ ಎಲ್ಲಿಂದ ಬರುತ್ತೆ?’ ಅನ್ನುವ ವಾದ ನಿಲ್ಲುವುದಿಲ್ಲ. (ಡಿಸ್ಲೆಕ್ಸಿಯಾ ಅಂದರೆ ಓದುವುದು, ಕಾಗುಣಿತ ಸರಿಯಾಗಿ ಬರೆಯುವುದು ಕಷ್ಟವಾಗುವ ಕಲಿಕೆಯ ತೊಂದರೆ.) ತೊಂದರೆ ಮೊದಲಿನಿಂದಲೂ ಇದ್ದಿರಬಹುದು, ಹೊರೆ ಈಗ ಜಾಸ್ತಿಯಾಗಿದೆ ಅಷ್ಟೇ. ಆದರೆ ಈ ವರ್ಷ ದಿಢೀರನೆ ಶುರುವಾದ ಕುಸಿತ ಬೇರೆ ವಿಷಯ. ಅಲ್ಲಿ ಮೊದಲು ಯೋಚಿಸಬೇಕಾದದ್ದು ಆರೋಗ್ಯ, ನಿದ್ದೆ, ಮನಸ್ಸು, ಶಾಲೆಯಲ್ಲಿ ನಡೆಯುತ್ತಿರುವ ಸಂಗತಿಗಳು.

ಹೇಗೆ ತೂಗಬೇಕು?

ಯಾವ ಆಯ್ಕೆ ಬಂದರೂ ಮೊದಲು ಕೇಳಿ: ಇದು ನನ್ನ ಹಾಳೆಯಲ್ಲಿರುವ ಪ್ರಶ್ನೆಗೆ ಉತ್ತರ ಕೊಡುತ್ತದೆಯೇ? ಸ್ಕ್ರೀನಿಂಗ್ ಅಂದರೆ ‘ಇಲ್ಲಿ ಏನೋ ಇರಬಹುದು, ಇನ್ನಷ್ಟು ನೋಡಿ’ ಎಂದು ಕೈತೋರಿಸುವುದು. ಡಯಾಗ್ನೋಸಿಸ್ ಅಂದರೆ ‘ಇದೇ’ ಎಂದು ಅರ್ಹತೆ ಇರುವವರು ಸಹಿ ಹಾಕಿ ಹೇಳುವುದು. ಮೊದಲನೆಯದನ್ನು ಮಾಡಿಸಿ ಎರಡನೆಯದು ಸಿಕ್ಕಿತು ಎಂದುಕೊಂಡು ಹೋಗುವ ಪೋಷಕರು ಬಹಳ.

ಎರಡನೆಯದು, ಈ ರಿಪೋರ್ಟನ್ನು ಯಾರು ಒಪ್ಪುತ್ತಾರೆ? ಪರೀಕ್ಷಾ ಮಂಡಳಿಯಿಂದ ಹೆಚ್ಚುವರಿ ಸಮಯವೋ ಬರೆದುಕೊಡುವವರ ಸಹಾಯವೋ ಬೇಕಿದ್ದರೆ, ಯಾರ ಸಹಿ, ಎಷ್ಟು ವರ್ಷದೊಳಗಿನ ರಿಪೋರ್ಟ್ ನಡೆಯುತ್ತದೆ ಎಂದು ಅವರನ್ನೇ ಮೊದಲು ಕೇಳಿ. ರಿಪೋರ್ಟ್ ಕೈಗೆ ಬಂದಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಆಮೇಲೆ ದುಡ್ಡು. ಫೀಸ್ ಒಂದನ್ನೇ ಲೆಕ್ಕ ಹಾಕಬೇಡಿ. ಅಸೆಸ್‌ಮೆಂಟ್ ಮುಗಿದಮೇಲೆ ವಾರಕ್ಕೆ ಎರಡು ಮೂರು ಸಲ ಸ್ಪೆಷಲ್ ಎಜುಕೇಟರ್ (ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಟೀಚರ್) ಬೇಕಾಗಬಹುದು, ತಿಂಗಳುಗಟ್ಟಲೆ. ಇಟ್ಟಿದ್ದೆಲ್ಲ ರಿಪೋರ್ಟಿಗೇ ಖರ್ಚಾಗಿ ಪಾಠಕ್ಕೆ ಏನೂ ಉಳಿಯದಿದ್ದರೆ, ದಪ್ಪ ಫೈಲು ಬೀರುವಿನಲ್ಲಿ, ಮಗು ಇದ್ದಲ್ಲೇ. ಕೈ ಬಿಗಿ ಇರುವ ಮನೆಯವರಿಗೆ ನಾನು ಹೇಳುವುದು ಇದೇ: ದುಡ್ಡಿನ ದೊಡ್ಡ ಪಾಲು ಕಲಿಸುವುದಕ್ಕೆ ಇರಲಿ.

ಕೊನೆಯದಾಗಿ ಮಗುವಿನ ಸುಸ್ತು. ಹನ್ನೆರಡು ವರ್ಷದ ಮಗುವಿಗೆ ತನ್ನನ್ನು ಯಾಕೆ ಪರೀಕ್ಷಿಸುತ್ತಿದ್ದಾರೆ ಎಂದು ಚೆನ್ನಾಗಿ ಗೊತ್ತಾಗುತ್ತದೆ. ಒಂದಾದ ಮೇಲೊಂದು ಕಡೆ ಕರೆದುಕೊಂಡು ಹೋದರೆ ‘ನನ್ನಲ್ಲೇ ಏನೋ ಕೆಟ್ಟಿದೆ’ ಅನ್ನುವ ಭಾವನೆ ಗಟ್ಟಿಯಾಗುತ್ತದೆ.

ಎಲ್ಲರೂ ಮಾಡಿಸಬೇಕಾದದ್ದು: ಕಣ್ಣು, ಕಿವಿ, ಮಕ್ಕಳ ಡಾಕ್ಟರ್

ಇದು ಆಯ್ಕೆಯಲ್ಲ, ಮೊದಲ ಮೆಟ್ಟಿಲು. ಬೋರ್ಡ್ ಮಸುಕಾಗಿ ಕಾಣುವ ಮಗು ಅದನ್ನು ಹೇಳುವುದೇ ಇಲ್ಲ, ಎಲ್ಲರಿಗೂ ಹಾಗೇ ಕಾಣುತ್ತೆ ಅಂದುಕೊಂಡಿರುತ್ತದೆ. ಪದೇಪದೇ ಕಿವಿ ಸೋಂಕು ಆದ ಮಕ್ಕಳಿಗೆ ಕೇಳಿಸುವುದು ಸ್ವಲ್ಪ ಕಡಿಮೆಯಾಗಿದ್ದರೂ ಗದ್ದಲದ ಕ್ಲಾಸಿನಲ್ಲಿ ಅರ್ಧ ಪಾಠ ತಪ್ಪಿಹೋಗುತ್ತದೆ. ನಿದ್ದೆಯನ್ನೂ ನೋಡಿ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13 ದಾಟಿದವರಿಗೆ 8ರಿಂದ 10 ಗಂಟೆ ಬೇಕು. ಗೊರಕೆ ಹೊಡೆಯುವ ಮಗು ಹಾಸಿಗೆಯಲ್ಲಿ ಹತ್ತು ಗಂಟೆ ಇದ್ದರೂ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ಇವುಗಳನ್ನು ಬೇಕೆನಿಸಿದರೆ ಡಾಕ್ಟರ್ ನೋಡುತ್ತಾರೆ.

ಇನ್ನೊಂದನ್ನು ವಿಶೇಷವಾಗಿ ಹೇಳಬೇಕು. ಮಾತಿನ ನಡುವೆ ಮಗು ಕೆಲವು ಸೆಕೆಂಡು ಶೂನ್ಯವಾಗಿ ನೋಡುತ್ತಾ ನಿಂತು, ಮತ್ತೆ ಏನೂ ಆಗದವರಂತೆ ಮುಂದುವರಿಯುತ್ತಿದೆಯೇ? ಆ ಹೊತ್ತಿನಲ್ಲಿ ಹೆಸರು ಕರೆದರೂ, ಭುಜ ಮುಟ್ಟಿದರೂ ಪ್ರತಿಕ್ರಿಯೆ ಇಲ್ಲವೇ? ಇದು ಕನಸು ಕಾಣುವುದಲ್ಲ, ಆಬ್ಸೆನ್ಸ್ ಅನ್ನುವ ಒಂದು ಬಗೆಯ ಫಿಟ್ಸ್ ಇರಬಹುದು. ದಿನಕ್ಕೆ ಹತ್ತಾರು ಸಲ ಬರಬಹುದು. ಇದಕ್ಕೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ ಬೇಕು, ಐಕ್ಯೂ ಟೆಸ್ಟ್ ಅಲ್ಲ. ಒಂದು ಚಿಕ್ಕ ವಿಡಿಯೋ ಮಾಡಿಕೊಂಡು ಡಾಕ್ಟರಿಗೆ ತೋರಿಸಿದರೆ ತುಂಬಾ ಅನುಕೂಲ.

ಆಯ್ಕೆ ಒಂದು: ಟೀಚರ್ ಅಥವಾ ಸ್ಪೆಷಲ್ ಎಜುಕೇಟರ್ ಮಾಡುವ ಕಲಿಕೆಯ ಪರೀಕ್ಷೆ

ಖರ್ಚು ಕಡಿಮೆ, ಕಾಯುವುದು ಕಡಿಮೆ, ಉಪಯೋಗ ಬಹಳ. ಯಾಕೋ ಜನ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಮಗು 402ರಿಂದ 178 ಕಳೆದು 376 ಎಂದು ಬರೆದಿದೆ ಅಂದುಕೊಳ್ಳಿ. ಸರಿ ಉತ್ತರ 224. ಕೆಂಪು ಗೆರೆ ಎಳೆದು ‘ಗಮನವಿಟ್ಟು ಮಾಡು’ ಎಂದು ಬರೆಯಬಹುದು. ಆದರೆ ಒಂದು ನಿಮಿಷ ನೋಡಿ. ಬಿಡಿಯಲ್ಲಿ 8ರಿಂದ 2 ಕಳೆದು 6, ಹತ್ತರಲ್ಲಿ 7ರಿಂದ 0 ಕಳೆದು 7, ನೂರರಲ್ಲಿ 4ರಿಂದ 1 ಕಳೆದು 3. ಪ್ರತಿ ಸಾಲಿನಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಇದು ಗಮನದ ಕೊರತೆಯೇ ಅಲ್ಲ. ಮಗು ಒಂದು ತಪ್ಪು ನಿಯಮವನ್ನು ತುಂಬಾ ಶಿಸ್ತಾಗಿ ಪಾಲಿಸಿದೆ. ಸೊನ್ನೆ ಇದ್ದಾಗ ದಶಕ ತೆಗೆದುಕೊಳ್ಳುವುದು ಗೊತ್ತಿಲ್ಲ. ಮೂರನೇ ಕ್ಲಾಸಿನಲ್ಲಿ ಬಿಟ್ಟುಹೋದ ಒಂದು ಕೊಂಡಿ ಏಳನೇ ಕ್ಲಾಸಿನ ದಶಾಂಶ, ಬೀಜಗಣಿತಗಳನ್ನೆಲ್ಲ ಕೆಡಿಸುತ್ತಿದೆ.

ಒಳ್ಳೆಯ ಸ್ಪೆಷಲ್ ಎಜುಕೇಟರ್ ಹೀಗೆ ತಪ್ಪುಗಳನ್ನು ಓದುತ್ತಾರೆ. ಲೆಕ್ಕದ ವಾಕ್ಯವನ್ನು ಮಗು ತಾನೇ ಓದಿ ಮಾಡಿದಾಗ ತಪ್ಪು, ಇವರು ಓದಿ ಹೇಳಿದಾಗ ಸರಿ ಅಂತಾದರೆ, ತೊಂದರೆ ಗಣಿತದ್ದಲ್ಲ, ಓದಿನದ್ದು. ಒಂದು ನಿಮಿಷ ಜೋರಾಗಿ ಓದಿಸಿ ಸರಿಯಾಗಿ ಓದಿದ ಪದಗಳನ್ನು ಎಣಿಸುತ್ತಾರೆ. ಎರಡು ಭಾಷೆ ಓದುವ ಮಗುವಾದರೆ ಎರಡರಲ್ಲೂ ಓದಿಸುತ್ತಾರೆ. ಒಂದರಲ್ಲಿ ಮಾತ್ರ ಕಷ್ಟ ಅಂತಾದರೆ ಆ ಭಾಷೆಯ ಅಭ್ಯಾಸ ಸಾಲದಿರಬಹುದು, ಎರಡರಲ್ಲೂ ಎಡವಿದರೆ ಇನ್ನೂ ಆಳಕ್ಕೆ ನೋಡಬೇಕು.

ಇದರ ಮಿತಿ ಏನು? ಎಲ್ಲಿ ಬಿಟ್ಟುಹೋಗಿದೆ ಎಂದು ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಡಯಾಗ್ನೋಸಿಸ್ ಸಿಗುವುದಿಲ್ಲ. ಆದರೂ ಎಂಟು ಹತ್ತು ವಾರ ಸರಿಯಾಗಿ ಕಲಿಸಿ, ಪ್ರತಿ ವಾರ ಅಳೆದು ಬರೆದಿಟ್ಟರೆ, ಆ ದಾಖಲೆ ಮುಂದೆ ಚಿನ್ನ. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ, ಮನೋವೈದ್ಯರು ಬಳಸುವ ಕೈಪಿಡಿಯ ಪ್ರಕಾರ, ಕಲಿಕಾ ನ್ಯೂನತೆ (ಓದು, ಬರಹ, ಗಣಿತದಲ್ಲಿ ಉಳಿದುಬಿಡುವ ತೊಂದರೆ; ಡಿಸ್ಲೆಕ್ಸಿಯಾ ಇದರಲ್ಲೊಂದು) ಎಂದು ಹೇಳಬೇಕಾದರೆ ಸರಿಯಾದ ಸಹಾಯ ಸಿಕ್ಕ ಮೇಲೂ ತೊಂದರೆ ಕನಿಷ್ಠ 6 ತಿಂಗಳು ಉಳಿದಿರಬೇಕು. ಸಹಾಯ ಕೊಟ್ಟದ್ದಕ್ಕೆ ಸಾಕ್ಷಿ ಬೇಕಲ್ವಾ?

ಆಯ್ಕೆ ಎರಡು: ಶಾಲೆಯ ತಂಡ

ಕೌನ್ಸೆಲರ್, ಸ್ಪೆಷಲ್ ಎಜುಕೇಟರ್, ಕೆಲವು ಕಡೆ ಸೈಕಾಲಜಿಸ್ಟ್ ಕೂಡ ಇರುವ ಶಾಲೆಯಾದರೆ ಇದನ್ನು ಬಿಡಬೇಡಿ. ಸಾಮಾನ್ಯವಾಗಿ ಬೇರೆ ಫೀಸ್ ಇರುವುದಿಲ್ಲ. ಕ್ಲಾಸಿನಲ್ಲಿ ಕೂತು ಮಗುವನ್ನು ನೋಡುವ ಅವಕಾಶ ಇವರಿಗೆ ಮಾತ್ರ ಇದೆ. ಟೀಚರ್ ಹೇಳಿದ್ದನ್ನು ಬರೆದುಕೊಳ್ಳುವ ಹೊತ್ತಿಗೆ ಮುಂದಿನ ಮಾತು ತಪ್ಪಿಹೋಗುತ್ತಿದೆಯಾ, ಮಗು ಊಟದ ಬಿಡುವಿನಲ್ಲಿ ಒಂಟಿಯಾಗಿ ಕೂರುತ್ತಾ, ಇವೆಲ್ಲ ಹೊರಗಿನ ಕ್ಲಿನಿಕ್ಕಿನ ಕೋಣೆಯಲ್ಲಿ ಕಾಣುವುದಿಲ್ಲ.

ತೊಡಕೂ ಇದೆ. ಶಾಲೆ ನೋಡುವುದು ಮುಖ್ಯವಾಗಿ ‘ಈ ಮಗುವಿಗೆ ನಮ್ಮಿಂದ ಸಹಾಯ ಬೇಕೇ’ ಎಂದು. ಪಾಸಾಗುತ್ತಿರುವ ಆದರೆ ಮನೆಯಲ್ಲಿ ನಾಲ್ಕು ಗಂಟೆ ಒದ್ದಾಡುವ ಮಗುವನ್ನು ‘ಏನೂ ತೊಂದರೆ ಇಲ್ಲ’ ಎಂದು ಕಳಿಸಿಬಿಡಬಹುದು. ಸರದಿಯೂ ಉದ್ದ ಇರಬಹುದು. ಅದಕ್ಕೇ ಬಾಯಿಮಾತಿನಲ್ಲಿ ಕೇಳಬೇಡಿ. ತಾರೀಕು ಹಾಕಿ ಪತ್ರ ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಪತ್ರದ ಜೊತೆ ಹೋಮ್‌ವರ್ಕಿಗೆ ಹಿಡಿದ ಸಮಯವನ್ನು ಎರಡು ವಾರ ಬರೆದಿಟ್ಟು ಕೊಟ್ಟರೆ, ‘ಏನೂ ಇಲ್ಲ’ ಅನ್ನುವುದು ಅಷ್ಟು ಸುಲಭವಲ್ಲ.

ಆಯ್ಕೆ ಮೂರು: ಮಕ್ಕಳ ಡಾಕ್ಟರ್ ಅಥವಾ ಮಕ್ಕಳ ಮನೋವೈದ್ಯರು

ನಿಮ್ಮ ಹಾಳೆಯಲ್ಲಿ ಇರುವುದು ಗಮನ, ಚಡಪಡಿಕೆ, ಮರೆವು, ಭಯ, ಅಳು, ಸಿಟ್ಟು ಎಂದಾದರೆ ಇಲ್ಲಿಂದ ಶುರುಮಾಡುವುದು ಸರಿ. ಎಡಿಎಚ್‌ಡಿ (ಗಮನ ನಿಲ್ಲದಿರುವ, ಕೆಲವರಲ್ಲಿ ಅತಿ ಚಡಪಡಿಕೆಯೂ ಇರುವ ತೊಂದರೆ) ರಕ್ತಪರೀಕ್ಷೆಯಲ್ಲೋ ಐಕ್ಯೂ ಟೆಸ್ಟಿನಲ್ಲೋ ಗೊತ್ತಾಗುವಂಥದ್ದಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು, ಮನೆ ಮತ್ತು ಶಾಲೆಯಂಥ ಕನಿಷ್ಠ ಎರಡು ಕಡೆ ಕಾಣಬೇಕು. ಅದಕ್ಕೇ ಕಾನರ್ಸ್, ವ್ಯಾಂಡರ್‌ಬಿಲ್ಟ್ ಮೊದಲಾದ ಪ್ರಶ್ನಾವಳಿಗಳನ್ನು ಪೋಷಕರಿಗೂ ಟೀಚರಿಗೂ ಬೇರೆಬೇರೆಯಾಗಿ ಕೊಡುತ್ತಾರೆ. ಟೀಚರ ಫಾರ್ಮ್ ಇಲ್ಲದೆ, ಹತ್ತು ನಿಮಿಷದ ಭೇಟಿಯಲ್ಲಿ ಎಡಿಎಚ್‌ಡಿ ಇದೆ ಅಥವಾ ಇಲ್ಲ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಹಳೆಯ ಪ್ರೋಗ್ರೆಸ್ ಕಾರ್ಡುಗಳನ್ನು ಎಸೆಯಬೇಡಿ. ಎರಡನೇ ಕ್ಲಾಸಿನ ಟೀಚರ್ ಬರೆದ ‘ಬುದ್ಧಿವಂತೆ, ಆದರೆ ಕೆಲಸ ಮುಗಿಸುವುದಿಲ್ಲ’ ಎಂಬ ಒಂದು ಸಾಲು ಇಲ್ಲಿ ದೊಡ್ಡ ಸುಳಿವು. ಓಡಾಟವಿಲ್ಲದೆ ಸುಮ್ನೆ ಕೂತು ಎಲ್ಲೋ ಕಳೆದುಹೋಗುವ ಮಕ್ಕಳು, ಅದರಲ್ಲೂ ಹುಡುಗಿಯರು, ಎಷ್ಟೋ ಸಲ ಈ ವಯಸ್ಸಿನವರೆಗೂ ಯಾರ ಗಮನಕ್ಕೂ ಬಂದಿರುವುದಿಲ್ಲ.

ಡಾಕ್ಟರ್ ಔಷಧಿ ಬರೆಯಬಲ್ಲರು, ಮನಸ್ಸಿನ ಕಾಯಿಲೆ ಗುರುತಿಸಬಲ್ಲರು. ಓದು, ಬರಹ, ಗಣಿತವನ್ನು ವಿವರವಾಗಿ ಅಳೆಯುವುದು ಅವರ ಕೆಲಸವಲ್ಲ. ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಔಷಧಿಯಿಂದ ಗಮನ ಸುಧಾರಿಸಿದರೂ ಓದು ಹಾಗೇ ಇದ್ದರೆ ಅದನ್ನು ಬೇರೆಯಾಗಿ ನೋಡಿಸಬೇಕು.

ಮಗು ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಈ ಹೋಲಿಕೆಯನ್ನೆಲ್ಲ ಪಕ್ಕಕ್ಕಿಡಿ. ಅವತ್ತೇ ಡಾಕ್ಟರಿಗೆ ತೋರಿಸಿ. ಮಾರ್ಕ್ಸ್ ಆಮೇಲೆ.

ಆಯ್ಕೆ ನಾಲ್ಕು: ಸೈಕಾಲಜಿಸ್ಟ್ ಮಾಡುವ ಪೂರ್ತಿ ಅಸೆಸ್‌ಮೆಂಟ್

‘ಟೆಸ್ಟ್ ಮಾಡಿಸಿ’ ಎಂದು ಜನ ಹೇಳುವಾಗ ಹೆಚ್ಚಾಗಿ ಮನಸ್ಸಿನಲ್ಲಿರುವುದು ಇದು. ಖರ್ಚು ಜಾಸ್ತಿ, ಹಲವು ಗಂಟೆಗಳ ಕೆಲಸ, ಸಾಮಾನ್ಯವಾಗಿ ಎರಡು ಮೂರು ಭೇಟಿ. ಇದರಲ್ಲಿ ಪೋಷಕರ ಸಂದರ್ಶನ, ಬುದ್ಧಿಶಕ್ತಿಯ ಟೆಸ್ಟ್, ಓದು-ಬರಹ-ಗಣಿತದ ಟೆಸ್ಟ್, ಗಮನ ಮತ್ತು ಭಾವನೆಗಳ ಪ್ರಶ್ನಾವಳಿ ಇಷ್ಟೂ ಇರಬೇಕು. ಬರೀ ಐಕ್ಯೂ ಮಾಡಿ ‘ಡಿಸ್ಲೆಕ್ಸಿಯಾ ಇಲ್ಲ’ ಎಂದರೆ ಒಪ್ಪಬೇಡಿ. ಓದಿಸಿ ನೋಡದೆ ಓದಿನ ತೊಂದರೆ ತಿಳಿಯುವುದು ಹೇಗೆ?

ಬುದ್ಧಿಶಕ್ತಿಗೆ ಹೆಚ್ಚು ಬಳಕೆಯಲ್ಲಿರುವುದು ವೆಕ್ಸ್ಲರ್ ಟೆಸ್ಟ್. ಅದರ ಐದನೇ ಆವೃತ್ತಿ 2014ರಲ್ಲಿ ಬಂತು, 6ರಿಂದ 16 ವರ್ಷದವರಿಗೆ. ಸರಾಸರಿ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರ ನಡುವೆ ಬರುತ್ತಾರೆ. ಆದರೆ ಒಟ್ಟು ಅಂಕಕ್ಕಿಂತ ಒಳಗಿನ ಐದು ಭಾಗಗಳು ಮುಖ್ಯ: ಮಾತಿನ ತಿಳಿವಳಿಕೆ, ಆಕಾರಗಳ ಗ್ರಹಿಕೆ, ಹೊಸ ಸಮಸ್ಯೆ ಬಿಡಿಸುವುದು, ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವುದು, ವೇಗ. ಒಂದು ಮಗುವಿಗೆ ಮಾತಿನ ತಿಳಿವಳಿಕೆ 118, ವೇಗ 82 ಬಂದಿದೆ ಅಂದುಕೊಳ್ಳಿ. ಎಲ್ಲ ಸೇರಿಸಿದರೆ 100ರ ಆಸುಪಾಸು ಬಂದು ‘ಸರಾಸರಿ’ ಎಂದು ಕಾಣುತ್ತದೆ. ನಿಜದಲ್ಲಿ ಈ ಮಗು ಕ್ಲಾಸಿನ ಬಹುಪಾಲು ಮಕ್ಕಳಿಗಿಂತ ಚೆನ್ನಾಗಿ ಯೋಚಿಸುತ್ತದೆ, ಆದರೆ ಬರೆದು ಮುಗಿಸುವುದರಲ್ಲಿ ಬಹುಪಾಲು ಮಕ್ಕಳಿಗಿಂತ ಹಿಂದೆ. ದಿನವಿಡೀ ಅದು ಅನುಭವಿಸುವ ಹತಾಶೆಯನ್ನು ಒಂದೇ ಒಂದು ಒಟ್ಟು ಅಂಕ ಮುಚ್ಚಿಹಾಕುತ್ತದೆ. ಇಂಥ ಮಗುವಿಗೆ ಬೇಕಾದದ್ದು ಇನ್ನಷ್ಟು ಟ್ಯೂಷನ್ ಅಲ್ಲ. ಹೆಚ್ಚುವರಿ ಸಮಯ, ಕಡಿಮೆ ಬರವಣಿಗೆ, ಟೈಪ್ ಮಾಡುವ ಅವಕಾಶ.

ರಿಪೋರ್ಟಿನಲ್ಲಿ ಪರ್ಸೆಂಟೈಲ್ ನೋಡಿ ಗಾಬರಿಯಾಗುವವರೂ ಇದ್ದಾರೆ. 25ನೇ ಪರ್ಸೆಂಟೈಲ್ ಅಂದರೆ ನೂರಕ್ಕೆ 25 ಮಾರ್ಕ್ಸ್ ಅಲ್ಲ. ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 25 ಮಂದಿಗಿಂತ ಮುಂದೆ ಎಂದರ್ಥ. ವೆಕ್ಸ್ಲರ್ ಅಳತೆಯಲ್ಲಿ ಅದು 90, ಸರಾಸರಿಯ ಒಳಗೇ.

ಬುಕ್ ಮಾಡುವ ಮೊದಲು ಫೋನಿನಲ್ಲೇ ಕೇಳಿ: ಯಾವ ಯಾವ ಟೆಸ್ಟ್ ಮಾಡುತ್ತೀರಿ? ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಾಡುತ್ತೀರಾ? ಶಾಲೆಯಲ್ಲಿ ಏನು ಮಾಡಬೇಕು ಎಂದು ಬರೆದುಕೊಡುತ್ತೀರಾ? ರಿಪೋರ್ಟ್ ಕೊಟ್ಟಮೇಲೆ ಕೂತು ವಿವರಿಸುತ್ತೀರಾ? ಭಾಷೆಯ ಪ್ರಶ್ನೆ ಚಿಕ್ಕದಲ್ಲ. ಮನೆಯಲ್ಲಿ ಒಂದು ಭಾಷೆ, ಟೆಸ್ಟ್ ಇನ್ನೊಂದರಲ್ಲಿ ಅಂತಾದರೆ ಕಡಿಮೆ ಬಂದ ಅಂಕ ಬುದ್ಧಿಯದ್ದೋ ಭಾಷೆಯದ್ದೋ ಹೇಳಲು ಬರುವುದಿಲ್ಲ.

ಒಂದು ಕಡೆ ಸಮಾಧಾನವಾಗಲಿಲ್ಲ ಎಂದು ಮುಂದಿನ ತಿಂಗಳೇ ಇನ್ನೊಂದು ಕಡೆ ಅದೇ ಟೆಸ್ಟ್ ಮಾಡಿಸಬೇಡಿ. ಪ್ರಶ್ನೆಗಳ ನೆನಪಿನಿಂದ ಅಂಕ ಏರಿಬಿಡುತ್ತದೆ. ಒಂದೆರಡು ವರ್ಷದ ಅಂತರ ಬೇಕು. ಎರಡನೇ ಅಭಿಪ್ರಾಯ ಬೇಕಿದ್ದರೆ ಇರುವ ರಿಪೋರ್ಟನ್ನೇ ಇನ್ನೊಬ್ಬರಿಗೆ ತೋರಿಸಿ.

ಫೀಸ್ ಕೊಡುವುದು ಕಷ್ಟವಾದರೆ ಸೈಕಾಲಜಿಸ್ಟ್‌ಗಳಿಗೆ ತರಬೇತಿ ಕೊಡುವ ವಿಶ್ವವಿದ್ಯಾಲಯ, ಬೋಧನಾ ಆಸ್ಪತ್ರೆಗಳ ಕ್ಲಿನಿಕ್ ವಿಚಾರಿಸಿ. ಕಲಿಯುತ್ತಿರುವವರು ಟೆಸ್ಟ್ ಮಾಡುತ್ತಾರೆ, ಅನುಭವಿಗಳು ಪರಿಶೀಲಿಸಿ ಸಹಿ ಹಾಕುತ್ತಾರೆ. ನಿಧಾನ, ಕಾಯಬೇಕು. ಆದರೆ ಎಷ್ಟೋ ಸಲ ರಿಪೋರ್ಟ್ ಬಹಳ ಜಾಗ್ರತೆಯಿಂದ ಬರೆದದ್ದಾಗಿರುತ್ತದೆ.

ಆಯ್ಕೆ ಐದು: ನ್ಯೂರೋಸೈಕಾಲಜಿ

ಮೆದುಳು ಹೇಗೆ ಕೆಲಸ ಮಾಡುತ್ತಿದೆ ಎಂದು ನೆನಪು, ಗಮನ, ಭಾಷೆ ಹೀಗೆ ಬಿಡಿಬಿಡಿಯಾಗಿ ಅಳೆಯುವ ಪರೀಕ್ಷೆ ಇದು. ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ದುಬಾರಿ. ತಲೆಗೆ ಪೆಟ್ಟು, ಫಿಟ್ಸ್, ಮೆದುಳಿನ ಸೋಂಕು, ಕ್ಯಾನ್ಸರ್ ಚಿಕಿತ್ಸೆ, ತುಂಬಾ ಮುಂಚೆ ಹುಟ್ಟಿದ ಮಗು, ಅಥವಾ ಬರುತ್ತಿದ್ದ ವಿದ್ಯೆಯೇ ಮರೆಯುತ್ತಿದೆ ಅನ್ನುವಂತಿದ್ದರೆ ಇದು ಬೇಕು. ಬರೀ ಓದು ನಿಧಾನ ಅನ್ನುವುದಕ್ಕೆ ಬೇಡ.

ಬೇಡವೇ ಬೇಡ ಅನ್ನುವವು

ಬೆರಳಚ್ಚು ನೋಡಿ ಬುದ್ಧಿಶಕ್ತಿ ಹೇಳುವ ಟೆಸ್ಟಿಗೆ ವೈಜ್ಞಾನಿಕ ಆಧಾರ ಇಲ್ಲ. ಒಂದು ರೂಪಾಯಿಯೂ ಹಾಕಬೇಡಿ. ಬಣ್ಣದ ಗಾಜು, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯಾ ಹೋಗುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಆನ್‌ಲೈನ್ ಪ್ರಶ್ನಾವಳಿ ತುಂಬಿಸಿದರೆ ಡಾಕ್ಟರ ಹತ್ತಿರ ಏನು ಹೇಳಬೇಕು ಎಂದು ನೆನಪು ಮಾಡಿಕೊಳ್ಳಲು ಅನುಕೂಲ, ಅಷ್ಟಕ್ಕೇ ಬಳಸಿ.

ಹಾಗಾದರೆ ನಿಮಗೆ ಯಾವುದು?

ಒಂದೇ ವಿಷಯದಲ್ಲಿ ಹಿಂದಿದ್ದು, ಉಳಿದದ್ದು ಚೆನ್ನಾಗಿದ್ದರೆ ಸ್ಪೆಷಲ್ ಎಜುಕೇಟರ್ ಹತ್ತಿರ ಹೋಗಿ, ಎರಡು ಮೂರು ತಿಂಗಳು ಕಲಿಸಿ ನೋಡಿ. ಶಾಲೆ ಬದಲಾದ ಮೇಲೆ, ಕಲಿಸುವ ಭಾಷೆ ಬದಲಾದ ಮೇಲೆ, ಉದ್ದ ರಜೆಯಾದ ಮೇಲೆ ಶುರುವಾದ ತೊಂದರೆಗೂ ಇದೇ ಮೊದಲು.

ಚಿಕ್ಕಂದಿನಿಂದ ಓದು ಬರಹ ಕಷ್ಟ, ಮನೆಯವರಲ್ಲಿ ಇನ್ಯಾರಿಗೋ ಹಾಗೇ ಇತ್ತು, ಪಾಠ ಹೇಳಿಸಿದರೂ ಏರುತ್ತಿಲ್ಲ ಅಂದರೆ ಇನ್ನು ಕಾಯಬೇಡಿ. ಪೂರ್ತಿ ಅಸೆಸ್‌ಮೆಂಟ್ ಮಾಡಿಸಿ. ಸರದಿ ಬರುವವರೆಗೆ ಪಾಠ ನಿಲ್ಲಿಸಬೇಡಿ, ಡಿಸ್ಲೆಕ್ಸಿಯಾ ಎಂದು ಗೊತ್ತಾದ ಮೇಲೂ ಮಾಡಬೇಕಾದದ್ದು ಅಕ್ಷರ-ಧ್ವನಿಯಿಂದ ಹಂತಹಂತವಾಗಿ ಕಲಿಸುವುದೇ. ದೊಡ್ಡ ಪಬ್ಲಿಕ್ ಪರೀಕ್ಷೆಗೆ ಒಂದೆರಡು ವರ್ಷ ಉಳಿದಿರುವಾಗಲೇ ಇದನ್ನು ಮುಗಿಸಿಕೊಂಡರೆ ಹೆಚ್ಚುವರಿ ಸಮಯದ ಅರ್ಜಿಗೂ ಅನುಕೂಲ.

ಎಲ್ಲ ವಿಷಯದಲ್ಲೂ ಒಟ್ಟಿಗೆ ಕುಸಿದು, ಮಗು ಮಂಕಾಗಿದ್ದರೆ ಡಾಕ್ಟರ್ ಮೊದಲು. ಮನಸ್ಸು ಕುಗ್ಗಿದ ಮಗುವಿಗೆ ಆ ಹೊತ್ತಿನಲ್ಲಿ ಐಕ್ಯೂ ಮಾಡಿದರೆ ಅದರ ನಿಜವಾದ ಸಾಮರ್ಥ್ಯ ಕಾಣುವುದೂ ಇಲ್ಲ.

ಯಾವುದನ್ನೇ ಆರಿಸಿ, ಮಗುವಿಗೆ ಹಿಂದಿನ ದಿನವೇ ನಿಜ ಹೇಳಿ. ‘ನೀನು ಇಷ್ಟು ಕಷ್ಟಪಟ್ಟರೂ ಓದು ಯಾಕೆ ಭಾರವಾಗ್ತಿದೆ ಅಂತ ನೋಡೋಣ. ಕೆಲವು ಸುಲಭ ಇರುತ್ತೆ, ಕೆಲವು ಬೇಕಂತಲೇ ಕಷ್ಟ ಇಟ್ಟಿರ್ತಾರೆ. ಪಾಸ್ ಫೇಲ್ ಇಲ್ಲ.’ ಪ್ರಶ್ನೆಗಳನ್ನು ಅಭ್ಯಾಸ ಮಾಡಿಸಬೇಡಿ. ಕನ್ನಡಕ ಇದ್ದರೆ ಜೊತೆಗಿರಲಿ. ದಿನವೂ ತೆಗೆದುಕೊಳ್ಳುವ ಔಷಧಿಯನ್ನು ಅವತ್ತು ಕೊಡಬೇಕೇ ಬೇಡವೇ ಎಂದು ಟೆಸ್ಟ್ ಮಾಡುವವರನ್ನೂ ಡಾಕ್ಟರನ್ನೂ ಕೇಳಿಕೊಳ್ಳಿ. ಜ್ವರ, ನೆಗಡಿ, ರಾತ್ರಿ ನಿದ್ದೆಯಿಲ್ಲ ಅಂದರೆ ಫೋನ್ ಮಾಡಿ ದಿನ ಮುಂದೂಡಿ. ರಿಪೋರ್ಟ್ ಬಂದಮೇಲೆ ಅದರಲ್ಲಿ ಮಗುವಿನ ಬಲ ಏನು ಎಂದು ಬರೆದಿರುವ ಭಾಗವನ್ನು ಮಗುವಿನ ಮುಂದೆಯೇ ಮೊದಲು ಓದಿ, ಕಷ್ಟದ ಭಾಗ ಆಮೇಲೆ. ಶಾಲೆಗೆ ಕೊಡುವಾಗ ಪೂರ್ತಿ ರಿಪೋರ್ಟ್ ಕೊಡಬೇಕೋ, ಶಿಫಾರಸುಗಳ ಒಂದೆರಡು ಪುಟ ಸಾಕೋ ಎಂದು ಸೈಕಾಲಜಿಸ್ಟ್ ಜೊತೆ ಮಾತಾಡಿ ನಿರ್ಧರಿಸಿ. ಮನೆಯ ಖಾಸಗಿ ವಿಷಯಗಳೂ ಅದರಲ್ಲಿ ಬರೆದಿರುತ್ತವೆ.